ಸೂರಮ್ಮ ಟೀಚರ ನೆಮ್ಮದಿಗೆ ತೂಕ ಹಾಕಿದ್ದು

ಸಿದ್ದಾಪುರದಿಂದಾಚೆ, ಬಂಡೆಗಳ ಸಂದಿಯಲ್ಲಿ ಸಿಕ್ಕಿಕೊಂಡಿರುವ ನಮ್ಮ ಹಟ್ಟಿಯಲ್ಲಿ ಸೂರಮ್ಮ ಟೀಚರು ನಕ್ಕರೆ ಮೊಳಕಾಲ್ಮುರು ಬಸ್‌ಸ್ಟ್ಯಾಂಡಿನಲ್ಲಿ ಮಲಗಿದ ನಾಯಿ ಎದ್ದು ಕೂರುತ್ತದೆ ಎಂದರೆ ಹೊರಗಿನವರು ನಂಬುವುದಿಲ್ಲ. ನಂಬದಿದ್ದರೆ ಬೇಡ. ನಾಯಿ ಈಗಲೂ ಅಲ್ಲೇ ಇದೆ, ಹೋಗಿ ವಿಚಾರಿಸಬಹುದು.

ಸೂರಮ್ಮ ನಮ್ಮ ಅಂಗನವಾಡಿಯ ಟೀಚರು. ಅಂಗನವಾಡಿ ಎಂದರೆ ಒಂದು ಕೋಣೆ, ಒಂದು ಜಗಲಿ, ಮೂಲೆಯಲ್ಲಿ ಅಡಿಗೆಗೆ ಒಂದಿಷ್ಟು ಜಾಗ. ಗೋಡೆಯ ಮೇಲೆ ಬಣ್ಣ ಬಳಿದವನು ಯಾವ ಹಸಿವಿನಲ್ಲಿದ್ದನೋ, ಮಾವಿನಹಣ್ಣು ಹುಲಿಗಿಂತ ದೊಡ್ಡದಾಗಿದೆ. ಹುಲಿ ಹಣ್ಣಿಗೆ ಹೆದರಿ ಕಿಟಕಿಯ ಕಡೆ ಮುಖ ಮಾಡಿದೆ. ಗೌರಸಮುದ್ರದ ಕಡೆಯಿಂದ ಸೊಸೆಯಾಗಿ ಬಂದ ಸೂರಮ್ಮ, ಕೆಲಸ ಸಿಕ್ಕಿದ ದಿನದಿಂದ ಆ ಹುಲಿಯ ಕೆಳಗೇ ಚಾಪೆ ಹಾಸಿ ಹಟ್ಟಿಯ ಮಕ್ಕಳನ್ನೆಲ್ಲ ಸಾಕಿದವಳು. ಈಗ ಕುರಿ ಕಾಯುವವರು, ಶೇಂಗಾ ಕೀಳಲು ಕೂಲಿಗೆ ಹೋಗುವವರು, ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಮೂಟೆ ಹೊರುವವರು, ಎಲ್ಲರೂ ಒಂದು ಕಾಲಕ್ಕೆ ಆಕೆಯ ಸೆರಗಿನಲ್ಲಿ ಮೂಗು ಒರೆಸಿಕೊಂಡವರೇ. ಮೀಸೆ ತಿರುವುತ್ತಾ ಬರುವ ಗಂಡಸು ಕೂಡ ಆಕೆ ಎದುರಾದರೆ ಕೈ ತೊಳೆದಿದ್ದೇನೋ ಇಲ್ಲವೋ ಎಂದು ಒಮ್ಮೆ ಅಂಗೈ ನೋಡಿಕೊಳ್ಳುತ್ತಾನೆ.

ಮೊದಲು ಬೊಮ್ಮಕ್ಕ ಎಂಬ ಸಹಾಯಕಿ ಇದ್ದಳು. ಮನೆಮನೆಗೂ ಹೋಗಿ ಮಕ್ಕಳನ್ನು ಕರೆತರುವುದು, ಅಡಿಗೆ, ಕಸ, ಪಾತ್ರೆ ಎಲ್ಲವೂ ಅವಳದು. ಅವಳಿಗೆ ವಯಸ್ಸಾಗಿ ಕೆಲಸ ಬಿಟ್ಟ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಸೂರಮ್ಮ ಬರೆದು ಕಳಿಸಿದ ಅರ್ಜಿಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ ಬ್ರಹ್ಮಗಿರಿ ಬೆಟ್ಟಕ್ಕೆ ಒಬ್ಬ ತಮ್ಮ ಸಿಕ್ಕಿರುತ್ತಿದ್ದ. ಹೀಗಾಗಿ ಎಲ್ಲವನ್ನೂ ಆಕೆಯೊಬ್ಬಳೇ ಮಾಡಬೇಕಾಯಿತು. ಒಂದು ಕೈಯಲ್ಲಿ ಸಾಂಬಾರು ತಿರುವುತ್ತಾ, ಇನ್ನೊಂದು ಕೈಯಲ್ಲಿ ಮೊಟ್ಟೆ ಸುಲಿಯುತ್ತಾ, ಮೊಣಕಾಲಿನಿಂದ ಅಳುವ ಮಗುವನ್ನು ತೂಗುತ್ತಾ, ಬಾಯಲ್ಲಿ ಪದ ಹಾಡಿ ಹೇಳಿಕೊಡುತ್ತಾ, ಗಲ್ಲಕ್ಕೂ ಭುಜಕ್ಕೂ ನಡುವೆ ಮೊಬೈಲು ಸಿಕ್ಕಿಸಿಕೊಂಡು ಸೂಪರ್‌ವೈಸರ್ ಮೇಡಂಗೆ ವರದಿ ಒಪ್ಪಿಸುತ್ತಾ ಇರುವುದನ್ನು ಎದುರಿನ ಕಟ್ಟೆಯ ಮೇಲೆ ಕೂತ ನಾವು ದಿನವೂ ನೋಡುತ್ತಿದ್ದೆವು. ನೋಡಿ ಮೆಚ್ಚುತ್ತಿದ್ದೆವು. ಮೆಚ್ಚುವುದಕ್ಕೆ ಎದ್ದು ಹೋಗಬೇಕಾಗಿಲ್ಲವಲ್ಲ, ಕೂತಲ್ಲೇ ಆಗುತ್ತದೆ.

ಅಂಥ ಸೂರಮ್ಮನಿಗೆ ಈ ವರ್ಷ ಒಂದು ಚಿಂತೆ ಹತ್ತಿಕೊಂಡಿತು. ಒಬ್ಬಳೇ ಮಗಳು ಕಾವ್ಯಳನ್ನು ಮೊಳಕಾಲ್ಮುರಿನ ದುರುಗೇಶ ಎಂಬ ಆಟೋ ಓಡಿಸುವ ಹುಡುಗನಿಗೆ ಕೊಟ್ಟಿತ್ತು. ಕಾವ್ಯ ಈಗ ಬಸುರಿ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಅದು ನಮ್ಮಲ್ಲಿ ಯಾರೂ ಹೇಳಿಕೊಡದೆ ಎಲ್ಲರಿಗೂ ಗೊತ್ತಿರುವ ಕಟ್ಟಳೆ. ಆದರೆ ಬೀಗಿತ್ತಿ ಶಾರದಮ್ಮ ಫೋನಿನಲ್ಲಿ ಸಣ್ಣ ದನಿಯಲ್ಲಿ ದೊಡ್ಡ ಮಾತು ಆಡಿದ್ದಳು.

"ಕಳಿಸಾಕೆ ನಮಗೇನೂ ಬ್ಯಾಸರಿಲ್ಲ ಕಣ್ರೀ. ಆದ್ರೆ ನೀವು ಊರ ಮಕ್ಕಳ ಕುಂಡಿ ತೊಳೆಯೋ ಹೊತ್ತಿನಾಗೆ ನಮ್ಮ ಸೊಸೆಗೆ ನೀರು ಹಾಕೋರ್ಯಾರು? ನಿಮ್ಮ ಯಜಮಾನರೋ, ಬೋರ್‌ವೆಲ್ ಲಾರಿ ಹತ್ತಿದ್ರೆ ತಿಂಗಳುಗಟ್ಟಲೆ ಪತ್ತೆ ಇರಲ್ಲ. ಸೀಮಂತದ ದಿನಕ್ಕೆ ಏನಾದರೊಂದು ಏರ್ಪಾಡು ಆದ್ರೆ ಹೇಳಿ. ಆಗಲಿಲ್ಲ ಅಂದ್ರೆ ಇಲ್ಲೇ ಇರ್ಲಿ, ನಾನೇ ನೋಡ್ಕಂತೀನಿ."

ಮಾತಿನಲ್ಲಿ ತಪ್ಪಿರಲಿಲ್ಲ. ತಪ್ಪಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಬಾಗಿಲು ಹಾಕಿ ರಜೆ ಹೋಗೋಣವೆಂದರೆ, ಬದಲಿ ಆಳಿಲ್ಲದೆ ಕೇಂದ್ರ ಮುಚ್ಚುವಂತಿಲ್ಲ. ಮುಚ್ಚಿದರೂ ಮಕ್ಕಳ ಹಾಲು, ಮೊಟ್ಟೆ ನಿಲ್ಲುತ್ತವೆ. ಊರಿನ ಕೂಸುಗಳಿಗೆಲ್ಲ ಎಣ್ಣೆ ನೀರಿನ ಬುದ್ಧಿ ಹೇಳಿಕೊಟ್ಟವಳು ತನ್ನ ಮಗಳ ಕೂಸನ್ನು ಮಾತ್ರ ನೆಂಟರ ಹಾಗೆ ಹೋಗಿ ನೋಡಿಬರಬೇಕಲ್ಲ ಎಂಬುದು ಆಕೆಯನ್ನು ಹಗಲೂ ರಾತ್ರಿ ಕೊರೆಯುತ್ತಿತ್ತು.

ಅಷ್ಟರಲ್ಲಿ ಸೂಪರ್‌ವೈಸರ್ ಮೇಡಂ ಫೋನು ಬಂತು. "ಕಾಲೇಜಿಂದ ಒಬ್ಬರು ಬರ್ತಾರೆ ಸೂರಮ್ಮ. ಟೀಚರುಗಳ ಯೋಗಕ್ಷೇಮ, ಮನಸ್ಸಿನ ಆರೋಗ್ಯ ಅಳೀತಾರಂತೆ. ಸಹಕರಿಸಿ."

ಅಳೆಯುವುದು ಎಂಬ ಮಾತು ಕಿವಿಗೆ ಬಿದ್ದದ್ದೇ ಸೂರಮ್ಮನ ತಲೆಯಲ್ಲಿ ದೀಪ ಹತ್ತಿತು. ಆಕೆಯ ಲೋಕದಲ್ಲಿ ಅಳತೆ ಎಂದರೆ ಒಂದೇ: ತೂಕ ಹಾಕುವುದು. ಮಗುವನ್ನು ತೂಕ ಹಾಕಿದರೆ ಹಸಿರು, ಹಳದಿ, ಕೆಂಪು ಎಂದು ಬಣ್ಣ ಬರುತ್ತದೆ. ಹಸಿರು ಬಂದ ಮಗುವಿನ ಕೆನ್ನೆ ತಟ್ಟಿ ಮನೆಗೆ ಕಳಿಸುತ್ತಾರೆ. ಕೆಂಪು ಬಂದ ಮಗುವಿನ ಯೋಗವೇ ಬೇರೆ. ಅದಕ್ಕೆ ಹೆಚ್ಚಿನ ಮೊಟ್ಟೆ, ಹೆಚ್ಚಿನ ಹಾಲು. ಡಾಕ್ಟರು ನೋಡುತ್ತಾರೆ, ಮೇಡಂ ಮನೆಗೇ ಬರುತ್ತಾರೆ, ದೊಡ್ಡ ಆಫೀಸಿನಿಂದ ಜೀಪು ಬಂದು ಹಟ್ಟಿಯ ಕೋಳಿಗಳನ್ನೆಲ್ಲ ಚೆದುರಿಸುತ್ತದೆ. ಈಗ ಟೀಚರಿಗೇ ತೂಕ ಹಾಕಲು ಬರುತ್ತಿದ್ದಾರೆ. ತಾನು ಹಸಿರಿಗೆ ಬಿದ್ದರೆ ಕೆನ್ನೆ ತಟ್ಟಿಸಿಕೊಂಡು ಕೂರಬೇಕು. ಕೆಂಪಿಗೆ ಬಿದ್ದರೆ ಒಬ್ಬ ಸಹಾಯಕಿಯನ್ನಾದರೂ ಕಳಿಸಲೇಬೇಕಲ್ಲವೇ? ಅರ್ಜಿಗಳಿಂದ ಆಗದ್ದು ತಕ್ಕಡಿಯಿಂದ ಆಗಲಿ ಎಂದುಕೊಂಡಳು. ಹೇಗಾದರೂ ಮಾಡಿ ಕೆಂಪಿಗೆ ಬೀಳಬೇಕು.

ಅದಕ್ಕೆ ಆಕೆ ಮಾಡಿಕೊಂಡ ತಯಾರಿಯನ್ನು ನಾಟಕದ ಕಂಪನಿಯವರು ನೋಡಿದ್ದರೆ ಎತ್ತಿಕೊಂಡು ಹೋಗುತ್ತಿದ್ದರು. ಆ ದಿನ ಹೂ ಮುಡಿಯಲಿಲ್ಲ. ಬಣ್ಣ ಹೋದ ಸೀರೆ ಹುಡುಕಿ ಉಟ್ಟಳು. ಸ್ಟೀಲು ತಟ್ಟೆ ಮುಂದೆ ಹಿಡಿದು ಮುಖ ಇಳಿಬಿಡುವುದನ್ನು ಕಲಿತಳು. ಮುಖ ಎಷ್ಟು ಇಳಿಯಿತೆಂದರೆ ಗಲ್ಲ ಹೊಸ್ತಿಲಿಗೆ ತಾಗುವುದೊಂದು ಬಾಕಿ. ಅದನ್ನು ಕಂಡ ಮಕ್ಕಳು ಟೀಚರಿಗೆ ಏನೋ ಆಗಿದೆ ಎಂದು ಸಾಲಾಗಿ ಅಳಲು ಶುರು ಮಾಡಿದವು. ಅವನ್ನು ಸಮಾಧಾನ ಮಾಡಲು ಮತ್ತೆ ನಗಬೇಕಾಯಿತು. ಇಳಿಬಿಟ್ಟ ಮುಖವೆಲ್ಲ ಹಾಳಾಯಿತು.

ಜಗಲಿಯ ಮೇಲೆ ಕ್ಯಾತಮ್ಮ ಕೂತಿದ್ದಳು. ಈ ಕ್ಯಾತಮ್ಮನನ್ನು ಕುರಿತು ಎರಡು ಮಾತು ಹೇಳಬೇಕು. ಕುರಿಮಂದೆಯನ್ನು ಮಗನಿಗೆ ಒಪ್ಪಿಸಿದ ಮೇಲೆ ಅವಳಿಗೆ ಉಳಿದಿದ್ದು ಒಂದು ಕೋಲು ಮತ್ತು ನಾಲಿಗೆ. ಕೋಲು ಸವೆದಿದೆ. ಮೊಮ್ಮಗಳು ಸರಿತಾಳಿಗೆ ಮೊಟ್ಟೆ ಇಡಿಯಾಗಿ ಸಿಕ್ಕಿತೋ ಇಲ್ಲವೋ ಎಂದು ಕಾಯಲು ದಿನವೂ ಬರುತ್ತಾಳೆ. ಅಂಗನವಾಡಿಗೆ ಊರಿನ ತಾಯಂದಿರ ಸಮಿತಿ ಎಂದು ಒಂದಿದೆ, ಅದಕ್ಕೆ ಅವಳೇ ಅಧ್ಯಕ್ಷೆ. ಹೆಬ್ಬೆಟ್ಟು ಒತ್ತುವುದು ಬಿಟ್ಟರೆ ಸಮಿತಿ ಏನು ಮಾಡಬೇಕೆಂದು ಅವಳಿಗೂ ಯಾರೂ ಹೇಳಿರಲಿಲ್ಲ.

"ಏನಮ್ಮಾ ಟೀಚರಮ್ಮ, ಯಾರ್ದಾದ್ರೂ ತಿಥಿಗೆ ಹೊಂಟಿದೀಯಾ?" ಎಂದಳು ಕ್ಯಾತಮ್ಮ.

"ಸುಮ್ಕಿರಜ್ಜಿ. ಇವತ್ತು ನನಗೆ ತೂಕ ಹಾಕಾಕೆ ಬರ್ತಾರೆ."

"ಹಾಕ್ಲಿ ಬಿಡು. ಒಂದು ತಕ್ಕಡಿ ಸಾಲದು, ಮಿಲ್ಲಿಂದ ಇನ್ನೊಂದು ತರಿಸು."

ತೂಕ ಹಾಕಲು ಬಂದವಳು ಪುಷ್ಪಲತಾ ಎಂಬ ಹುಡುಗಿ. ಸಣಕಲು ಮೈ, ಹೆಗಲಿಗೆ ಚೀಲ. ಬಸ್ಸಿಳಿದು ಬಂಡೆಗಳ ನಡುವೆ ನಡೆದು ಬರುವಷ್ಟರಲ್ಲಿ ನಮ್ಮ ಬಿಸಿಲಿಗೆ ಅವಳ ನೆರಳೇ ಸುಸ್ತಾಗಿ ದಾರಿಯಲ್ಲಿ ಕೂತುಬಿಟ್ಟಿರಬೇಕು, ಒಬ್ಬಳೇ ಬಂದಳು. ನೀರು ಕುಡಿದು, ಚಾಪೆಯ ಮೇಲೆ ಕೂತು, ನಯವಾಗಿ ಹೇಳಿದಳು: "ಟೀಚರ್, ನಾನೊಂದೊಂದು ಮಾತು ಓದ್ತೀನಿ. ಅದು ಯಾವತ್ತೂ ಇಲ್ಲ ಅಂದ್ರೆ ಒಂದು, ಯಾವಾಗಲೂ ಇದೆ ಅಂದ್ರೆ ಐದು. ನಡುವೆ ಇದ್ರೆ ನಡುವಿನ ಸಂಖ್ಯೆ ಹೇಳಿ. ಸರಿ ತಪ್ಪು ಅಂತ ಏನಿಲ್ಲ."

ಸೂರಮ್ಮ ಮುಖ ಇಳಿಬಿಟ್ಟಳು.

"ನಾನು ಲವಲವಿಕೆಯಿಂದ ಇದ್ದೇನೆ."

"ಒಂದು."

"ಬೆಳಿಗ್ಗೆ ಏಳುವಾಗ ಮನಸ್ಸು ಹಗುರಾಗಿರುತ್ತದೆ."

"ಒಂದು. ಅದಕ್ಕಿಂತ ಕೆಳಗೆ ಏನಾದ್ರೂ ಐತಾ ಮೇಡಂ?"

"ಇಲ್ಲ ಟೀಚರ್, ಒಂದೇ ಕಡೆ."

"ಹಂಗಾದ್ರೆ ಒಂದು."

"ನಾನು ಮಾಡುವ ಕೆಲಸಕ್ಕೆ ಅರ್ಥವಿದೆ ಎನಿಸುತ್ತದೆ."

ಇಲ್ಲಿ ಸೂರಮ್ಮ ಸ್ವಲ್ಪ ತಡೆದಳು. ಹುಲಿಯ ಕೆಳಗೆ ಮಕ್ಕಳು ಬಾಟಲಿ ಮುಚ್ಚಳಗಳನ್ನು ಸಾಲಾಗಿ ಇಡುತ್ತಾ ಒಂದು, ಎರಡು ಎಂದು ಆಕೆಯೇ ಕಲಿಸಿದ ಪದ ಹೇಳುತ್ತಿದ್ದವು. ಆಕೆ ಅತ್ತ ನೋಡಿದಳು, ಇತ್ತ ನೋಡಿದಳು. ಹುಡುಗಿಯ ಕಡೆ ಬಾಗಿ, ಮಕ್ಕಳ ಕಿವಿಗೆ ಬೀಳದಷ್ಟು ಮೆಲ್ಲಗೆ "ಒಂದು" ಎಂದಳು. ಹೇಳಿದ ಮೇಲೆ ಎದ್ದು ಹೋಗಿ, ಕಾರಣವೇ ಇಲ್ಲದೆ ಒಂದು ಮಗುವಿನ ಜುಟ್ಟು ಬಿಚ್ಚಿ ಮತ್ತೆ ಕಟ್ಟಿ ಬಂದು ಕೂತಳು.

"ನಾನು ಮನಸಾರೆ ನಗುತ್ತೇನೆ."

ಸೂರಮ್ಮ ಒಂದು ಎನ್ನಲು ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಸರಿತಾ ನೆಟ್ಟಗೆ ನಡೆದು ಬಂದು ಪುಷ್ಪಲತಾಳ ಮುಂದೆ ನಿಂತಿತು. ಸೊಂಟದ ಮೇಲೆ ಕೈಯಿಟ್ಟು ಅವಳನ್ನು ಮೇಲಿಂದ ಕೆಳಗೆ ನೋಡಿತು. ಆಮೇಲೆ ಅಚ್ಚು ಸೂರಮ್ಮನ ದನಿಯಲ್ಲಿ ಶುರು ಮಾಡಿತು:

"ಏಳು. ತಕ್ಕಡಿ ಹತ್ತು. ಅಲ್ಲಾಡಬ್ಯಾಡ. ಉಂಡಿಲ್ಲ ನೀನು. ಎಲುಬು ಕಾಣ್ತಾವೆ. ಎಲ್ಲಿ ನಿಮ್ಮವ್ವ? ಕರ್ಕಂಡು ಬಾ, ಅವಳಿಗೆ ಐತೆ."

ಪುಷ್ಪಲತಾ ಗಾಬರಿಯಾಗಿ ನಿಜಕ್ಕೂ ಎದ್ದು ನಿಂತಳು. ಸೂರಮ್ಮ ತುಟಿ ಕಚ್ಚಿದಳು, ಸೆರಗು ಬಾಯಿಗೆ ತುರುಕಿದಳು, ಮೂಗು ಹಿಡಿದಳು. ಒಂದು ದಾರಿ ಮುಚ್ಚಿದರೆ ನಗು ಇನ್ನೊಂದು ದಾರಿಯಿಂದ ಬಂತು. ಒಮ್ಮೆ ಬಂದ ಮೇಲೆ ಕೇಳಬೇಕೇ? ಬೆಟ್ಟದ ಮೇಲಿನ ಗಾಳಿಯಂತ್ರಗಳು ಒಂದು ಸುತ್ತು ಉಲ್ಟಾ ತಿರುಗಿದವು. ಕಟ್ಟೆಯ ಮೇಲೆ ತೂಕಡಿಸುತ್ತಿದ್ದವರು ಭೂಕಂಪವೆಂದು ಚಪ್ಪಲಿ ಹುಡುಕಿದರು.

ಕಣ್ಣೊರೆಸಿಕೊಂಡು ಸೂರಮ್ಮ ಹೇಳಿದಳು: "ಈ ನಗು ಲೆಕ್ಕಕ್ಕೆ ತಗೋಬ್ಯಾಡ ಮೇಡಂ. ಅದು ತಾನಾಗೇ ಬಂತು. ನಾನು ನಕ್ಕಿದ್ದಲ್ಲ. ಒಂದು ಅಂತ ಬರ್ಕೊ."

ಪುಷ್ಪಲತಾ ಪೆನ್ನು ಹಿಡಿದು ಕೂತೇ ಇದ್ದಳು. ಬರೆದಳೋ ಇಲ್ಲವೋ ನಮಗೆ ಕಾಣಲಿಲ್ಲ. ಮುಂದಿನದನ್ನು ಓದಿದಳು.

"ಕಷ್ಟ ಬಂದಾಗ ನನ್ನ ನೆರವಿಗೆ ಬರುವ ಜನ ನನಗಿದ್ದಾರೆ."

ಅಲ್ಲಿಯವರೆಗೆ ಸೂರಮ್ಮ ಹೇಳಿದ್ದೆಲ್ಲ ಸುಳ್ಳು. ಹಾಗಾಗಿ ಹೇಗೋ ಹೇಳಿಬಿಟ್ಟಿದ್ದಳು. ಈ ಒಂದು ಮಾತಿಗೆ ಮಾತ್ರ ಒಂದು ಎಂದರೆ ಅದೇ ನಿಜವಾಗುತ್ತಿತ್ತು. ನಿಜವನ್ನು ಹೊರಗಿನಿಂದ ಬಂದ ಹುಡುಗಿಯ ಮುಂದೆ, ಊರಿನ ಜಗಲಿಗೆ ಕೇಳಿಸುವ ಹಾಗೆ, ಹೇಗೆ ಹೇಳುವುದು? ಕೆಂಪಿಗೆ ಬೀಳಬೇಕೆಂದು ಹೊರಟವಳು, ತನ್ನದೇ ಯುಕ್ತಿಯನ್ನು ತಾನೇ ಕೆಡಿಸಿಕೊಂಡಳು.

"ಐದು," ಎಂದಳು.

ಪುಷ್ಪಲತಾ ತಲೆಯೆತ್ತಿದಳು. "ಐದಾ? ಯಾರ್ಯಾರು ಟೀಚರ್?"

"ಯಾರು ಅಂದ್ರೆ... ಊರೆಲ್ಲ."

ಜಗಲಿಯಿಂದ ಕ್ಯಾತಮ್ಮನ ಕೋಲು ನೆಲಕ್ಕೆ ಬಡಿದ ಸದ್ದು ಬಂತು. "ಊರೆಲ್ಲಾನಾ? ಯಾವೂರಮ್ಮಾ ಅದು?"

ಸೂರಮ್ಮ ಅತ್ತ ತಿರುಗದೆ ಚಾಪೆಯ ಅಂಚು ಸರಿಮಾಡಿದಳು. ಆಮೇಲೆ ಹುಡುಗಿಯನ್ನೇ ಕೇಳಿದಳು, "ಇದರಾಗೆ ಕೆಂಪು ಯಾವ್ದು ಮೇಡಂ? ಎಷ್ಟಕ್ಕೆ ಕೆಂಪು ಬರ್ತೈತೆ?"

"ಕೆಂಪು ಅಂತ ಇಲ್ಲ ಟೀಚರ್. ನಿಮ್ಮ ಹೆಸರೂ ಇರಲ್ಲ. ಈ ಕಡೆಯ ಟೀಚರುಗಳದ್ದೆಲ್ಲ ಸೇರಿಸಿ ಸರಾಸರಿ ತೆಗೀತೀವಿ."

"ಕಡಿಮೆ ಬಂದೋರಿಗೆ ಏನು ಕೊಡ್ತೀರಾ?"

ಹುಡುಗಿ ತಡವರಿಸಿದಳು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಏನೂ ಇಲ್ಲ ಟೀಚರ್. ಹೇಗಿದ್ದೀರಿ ಅಂತ ತಿಳ್ಕೊಳ್ಳೋದು ಅಷ್ಟೇ. ಮುಂದೆ ಯಾರಾದ್ರೂ ಓದಿ ಏನಾದ್ರೂ ಮಾಡ್ಲಿ ಅಂತ."

"ತೂಕ ಹಾಕ್ತೀರಾ, ಮೊಟ್ಟೆ ಕೊಡಲ್ಲ."

"ಮೊಟ್ಟೆ ನನ್ನ ಹತ್ರ ಇಲ್ಲ ಟೀಚರ್," ಎಂದಳು ಪುಷ್ಪಲತಾ. "ಕೇಳೋದೊಂದು ಇದೆ."

ಕೇಳುವುದನ್ನು ತೀರಾ ಹಗುರಾಗಿ ತಳ್ಳಿಹಾಕುವ ಹಾಗೂ ಇಲ್ಲ. ಪಕ್ಕದಲ್ಲೇ, ಬ್ರಹ್ಮಗಿರಿಯ ಬುಡದಲ್ಲಿ, ಅಶೋಕ ಚಕ್ರವರ್ತಿಯ ಬಂಡೆ ಶಾಸನವಿದೆ. ಶಾಲೆಯ ಮಕ್ಕಳು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅದರ ಶುರುವಿನಲ್ಲೇ, ಧರ್ಮದ ಮಾತಿಗೂ ಮೊದಲು, ಈ ಸೀಮೆಯ ಅಧಿಕಾರಿಗಳು ಆರೋಗ್ಯವಾಗಿದ್ದಾರೆಯೇ ಎಂದು ವಿಚಾರಿಸಿದೆಯೆಂದು ಓದಿದವರು ಹೇಳುತ್ತಾರೆ. ಇಲ್ಲಿ ಕೆಲಸ ಮಾಡುವವರ ಯೋಗಕ್ಷೇಮವನ್ನು ಮೇಲಿನವರು ಕೇಳಿದ್ದು ಆಗೊಮ್ಮೆ. ಆಮೇಲೆ ಸರಿಯಾಗಿ ಕೇಳಿದವಳು ಪುಷ್ಪಲತಾಳೇ ಇರಬೇಕು. ನಡುವೆ ಕೊಂಚ ಅಂತರ ಬಿದ್ದಿದೆ. ಆಗ ಆ ಅಧಿಕಾರಿಗಳು ಏನು ಉತ್ತರ ಕಳಿಸಿದರೋ ಬಂಡೆಯ ಮೇಲೆ ಇಲ್ಲ. ಬಹುಶಃ ಅವರೂ ಐದು ಎಂದಿರಬೇಕು.

ಕ್ಯಾತಮ್ಮ ಕೋಲೂರಿ ಎದ್ದು ಒಳಗೇ ಬಂದಳು. ಮೊಟ್ಟೆಯ ವಿಚಾರಕ್ಕಲ್ಲದೆ ಅವಳು ಹೊಸ್ತಿಲು ದಾಟಿದ್ದನ್ನು ಯಾರೂ ಕಂಡಿರಲಿಲ್ಲ.

"ಅಲ್ಲಮ್ಮಾ, ಈ ಹುಡುಗಿ ಮುಂದೆ ಊರೆಲ್ಲ ನಿನ್ನ ಬೆನ್ನಿಗೈತೆ ಅಂತೀಯ. ನಮ್ಮನ್ನ ಯಾವತ್ತು ಏನು ಕೇಳಿದೀಯ? ಕೇಳಿದ್ರೆ ತಾನೆ ನಾವು ಒಲ್ಲೆ ಅನ್ನೋದು."

"ಆಫೀಸಿಗೆ ಎಷ್ಟು ಸಲ ಬರ್ದೆ ಅಜ್ಜಿ."

"ಆಫೀಸು ನಿನ್ನ ಬೀಗಿತ್ತಿ ಮನೀಗೆ ಬರ್ತೈತಾ? ನಮ್ಮನ್ನ ಕೇಳಿದ್ಯಾ ಅಂತ ಕೇಳ್ತಿದೀನಿ."

ಸೂರಮ್ಮ ಯೋಚಿಸಿದಳು. ಹಟ್ಟಿಯಲ್ಲಿ ಎಲ್ಲರೂ ಆಕೆಯನ್ನು ಕೇಳುತ್ತಿದ್ದರು. ಜ್ವರಕ್ಕೆ ಏನು ಕೊಡಲಿ ಟೀಚರ್, ರೇಷನ್ ಕಾರ್ಡಿಗೆ ಏನು ಬರೆಯಲಿ ಟೀಚರ್, ಸೊಸೆ ಮುನಿಸಿಕೊಂಡಿದ್ದಾಳೆ ಬುದ್ಧಿ ಹೇಳಿ ಟೀಚರ್. ಆಕೆ ಯಾರನ್ನೂ ಏನನ್ನೂ ಕೇಳಿರಲಿಲ್ಲ. ಆಫೀಸನ್ನು ಕೇಳಿ ಕೇಳಿ ಸೋತವಳಿಗೆ ಊರನ್ನು ಕೇಳಬಹುದೆಂಬುದೇ ಹೊಳೆದಿರಲಿಲ್ಲ. ಟೀಚರು ಕೊಡುವವಳು, ಕೈ ಚಾಚುವವಳಲ್ಲ ಎಂದು ತಾನೇ ಒಂದು ಗೆರೆ ಎಳೆದುಕೊಂಡು ಅದರೊಳಗೆ ನಿಂತಿದ್ದಳು. ನಾವೂ ಗೆರೆಯ ಆಚೆ ಕೂತು ಮೆಚ್ಚುತ್ತಿದ್ದೆವು.

"ಕೇಳಿದ್ರೆ ಮಾಡ್ತೀಯಾ ಅಜ್ಜಿ?"

"ಮದ್ಲು ಕೇಳು."

ಎಷ್ಟೋ ಮಕ್ಕಳಿಗೆ ಮಾತು ಕಲಿಸಿದವಳು ತಾನು ಒಂದು ಮಾತು ಹೊರಡಿಸಲು ಪಟ್ಟ ಪಾಡು ಹೆರಿಗೆಗಿಂತ ಕಡಿಮೆಯದಾಗಿರಲಿಲ್ಲ. ಸೀರೆಯ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಕಾವ್ಯನ ಬಾಣಂತನ ಐತೆ. ನಮ್ಮನ್ಯಾಗೇ ಮಾಡಬೇಕು ಅಂತ ಆಸೆ. ನಾನು ಅವಳಿಗೆ ನೀರು ಹಾಕಿ ಬರೋ ಹೊತ್ತಿನಾಗೆ ಇಲ್ಲಿ ಅಡಿಗೆಗೆ, ಮಕ್ಕಳ್ನ ಕರ್ಕಂಡು ಬರಾಕೆ ಒಂದಾಳು ಬೇಕು. ನನ್ನೊಬ್ಬಳ ಕೈಲಿ ಆಗವಲ್ದು."

ಕೊನೆಯ ಮಾತನ್ನು ಹೇಳಿದ ಮೇಲೆ ಆಕೆ ತಲೆ ತಗ್ಗಿಸಿದಳು. ಪುಷ್ಪಲತಾ ಏನನ್ನೂ ಬರೆದುಕೊಳ್ಳಲಿಲ್ಲ.

ಕ್ಯಾತಮ್ಮ ಗೋಡೆಯನ್ನು ನೋಡುತ್ತಾ ಚೌಕಾಸಿಗೆ ಕೂತಳು. "ಅಡಿಗೆ ಆಗ್ತೈತೆ. ಪದ ಗಿದ ನನ್ ಕೈಲಿ ಆಗಲ್ಲ. ಹಾಜರಿಗೆ ಅಂತ ಆ ಮೊಬೈಲಿನಾಗೆ ಮಕ್ಕಳ ಮುಖ ಹಿಡಿಯೋದೂ ಆಗಲ್ಲ. ಮತ್ತೆ ನಿನ್ನ ಮ್ಯಾಗಿನ ಪ್ರೀತಿಗೆ ಬರ್ತೀನಿ ಅಂತ ತಿಳ್ಕಬ್ಯಾಡ. ನನ್ನ ಮೊಮ್ಮಗಳ ಮೊಟ್ಟೆ ಹತ್ತಿರದಿಂದ ನೋಡಿದಂಗೂ ಆಗ್ತೈತೆ."

"ಆಗ್ಲಿ ಅಜ್ಜಿ."

"ನಾನು ಅಧ್ಯಕ್ಷೆ ತಾನೆ? ಹೆಬ್ಬೆಟ್ಟು ಒತ್ತಿಸ್ಕಳಾಕೆ ಮಾತ್ರ ಅಲ್ಲ ತಾನೆ? ಸಂಜೀಗೆ ಉಳಿದ ಹೆಂಗಸ್ರನ್ನೂ ಕರಸ್ತೀನಿ. ಯಾರು ಬರಲ್ಲ ಅಂತಾರೋ ನೋಡ್ಬೇಕು."

ಆಮೇಲೆ ಪುಷ್ಪಲತಾ ಮೆಲ್ಲಗೆ ಕೇಳಿದಳು: "ಟೀಚರ್, ಮೊದಲಿಂದ ಓದ್ಲಾ?"

ಈ ಸಲ ಸೂರಮ್ಮ ಯೋಚಿಸಿ ಹೇಳಿದಳು. ಲವಲವಿಕೆಗೆ ಮೂರು, ಬೆಳಗಿನ ಮನಸ್ಸಿಗೆ ಎರಡು. ಕೆಲಸಕ್ಕೆ ಅರ್ಥವಿದೆಯೇ ಎಂಬುದಕ್ಕೆ ಹುಲಿಯೂ ತಿರುಗಿ ನೋಡುವಷ್ಟು ಗಟ್ಟಿಯಾಗಿ "ಐದು" ಎಂದಳು. ನೆರವಿನ ಮಾತು ಬಂದಾಗ ಕ್ಯಾತಮ್ಮನ ಕಡೆ ನೋಡಿದಳು.

"ನನ್ನ ಮಕ ಏನು ನೋಡ್ತೀಯ? ಇನ್ನೂ ಬಂದು ಒಲೆ ಹಚ್ಚಿಲ್ಲ. ಎರಡು ಹಾಕಿಸು. ಆಮೇಲೆ ಬೇಕಾದ್ರೆ ಏರಿಸ್ಕಳ್ಳುವಂತೆ."

ಮೊದಲ ದಿನ ಕ್ಯಾತಮ್ಮ ಮಾಡಿದ ಸಾಂಬಾರು ಕುಡಿದು ಮಕ್ಕಳ ಕಿವಿಯಿಂದ ಹೊಗೆ ಬಂದು, ಕೋಣೆಯಲ್ಲಿ ಸೊಳ್ಳೆಯೆಂಬುದೇ ಉಳಿಯಲಿಲ್ಲ. ಎರಡನೆಯ ದಿನ ಉಪ್ಪು ಮರೆತಳು. ಪಾಳಿ ಹಾಕಿಕೊಂಡ ಹೆಂಗಸರಲ್ಲಿ ಇಬ್ಬರು ಕೂಲಿ ಸಿಕ್ಕಿದ ದಿನ ಬರಲಿಲ್ಲ. ಬರದ ದಿನ ಯಾರು ಬರಲಿಲ್ಲವೆಂದು ಹಟ್ಟಿಗೆಲ್ಲ ಕೇಳುವ ಹಾಗೆ ಕ್ಯಾತಮ್ಮ ಕೂಗುತ್ತಿದ್ದಳು. ಹಾಗಾಗಿ ಮಾರನೆಯ ದಿನ ಬರುತ್ತಿದ್ದರು. ಕಟ್ಟೆಯವರಿಗೂ ನೀರು ತುಂಬಿಸಿಡುವ ಕೆಲಸ ಬಿತ್ತು. ಮೆಚ್ಚುವುದಕ್ಕಿಂತ ಬಿಂದಿಗೆ ಭಾರ ಎಂದು ಆಗ ತಿಳಿಯಿತು. ಸೂಪರ್‌ವೈಸರ್ ಮೇಡಂ ಬಂದು, ಸಮಿತಿಯವರೇ ನಿಂತಿದ್ದಾರೆಂದು ನೋಡಿ, ಬಾಣಂತನದವರೆಗೆ ಹೀಗೇ ನಡೆಯಲಿ ಎಂದು ಬರೆದುಕೊಟ್ಟರು. ಸಹಾಯಕಿಯ ಜಾಗ ಮಾತ್ರ ಈಗಲೂ ಖಾಲಿ ಇದೆ. ಅದನ್ನು ಹಟ್ಟಿಯ ಹೆಂಗಸರು ತುಂಬಿದರೆಂದು ಯಾರಾದರೂ ಭಾಷಣದಲ್ಲಿ ಹೊಗಳಿದರೆ ಕ್ಯಾತಮ್ಮ ಕೋಲು ತೆಗೆದುಕೊಳ್ಳುತ್ತಾಳೆ.

ಸೂರಮ್ಮ ಬೀಗಿತ್ತಿಗೆ ಫೋನು ಮಾಡಿದಳು. "ಏರ್ಪಾಡು ಆತು ಕಣ್ರೀ. ಸೀಮಂತ ಮುಗಿಸಿ ಕಳಿಸಿಕೊಡಿ."

"ಸಹಾಯಕಿ ಕೊಟ್ರಾ?"

"ಕೊಡ್ಲಿಲ್ಲ."

"ಮತ್ತೆ ಹೆಂಗೆ?"

"ಕೇಳ್ದೆ," ಎಂದಳು ಸೂರಮ್ಮ.

ಅತ್ತ ಕಡೆಯಿಂದ ಶಾರದಮ್ಮ ಹೇಳಿದಳು: "ನನ್ನೂ ಒಂದು ಮಾತು ಕೇಳಿದ್ರೆ ಬರ್ತಿದ್ದೆ. ಇರ್ಲಿ, ಸೊಸೆಗೆ ತಿನ್ನಾಕೆ ಹುರಿಟ್ಟು ಮಾಡಿ ಕಳಿಸ್ತೀನಿ."

ಸೀಮಂತ ಮುಗಿದ ಮಾರನೆಯ ದಿನ ದುರುಗೇಶನ ಆಟೋ ಹಟ್ಟಿಗೆ ಬಂತು. ಮನೆಗೆ ಬೀಗ ಹಾಕಿದ್ದರಿಂದ ನೇರ ಅಂಗನವಾಡಿಗೇ ಬಂದರು. ಮಕ್ಕಳೆಲ್ಲ ಎದ್ದು ಕಾವ್ಯಳ ಸುತ್ತ ನಿಂತು ಅವಳ ಹೊಟ್ಟೆಯನ್ನು ಹತ್ತಿರದಿಂದ ಪರಿಶೀಲಿಸಿದವು. ಊಟದ ಹೊತ್ತಾಗಿತ್ತು. ಕ್ಯಾತಮ್ಮ ಮನೆಯಿಂದ ತಂದಿದ್ದ ಮುದ್ದೆ, ಸೊಪ್ಪಿನ ಸಾರನ್ನು ಎರಡು ತಟ್ಟೆಗೆ ಹಾಕಿ ತಾಯಿ ಮಗಳ ಮುಂದಿಟ್ಟಳು. ಒಂದು ಮಗು ನೀರು ಚೆಲ್ಲಿತು. ಸೂರಮ್ಮ ಎದ್ದಳು. ಇನ್ನೊಂದು ಅತ್ತಿತು. ಆಕೆ ಮತ್ತೆ ಎದ್ದಳು.

"ಅದ್ಯಾಕೆ ಚೇಳು ಕಡ್ದೋಳಂಗೆ ಏಳ್ತೀಯಾ?" ಎಂದಳು ಕ್ಯಾತಮ್ಮ. "ನಾನಿಲ್ವಾ? ಮಗಳ ಮಗ್ಗುಲಾಗೆ ಕೂತ್ಕ. ಉಣ್ಣು."

ಸೂರಮ್ಮ ಕೂತಳು. ಮಗಳ ತಟ್ಟೆಯಿಂದ ಒಂದು ತುತ್ತು ಮುರಿದು ಮಗಳ ಬಾಯಿಗೇ ಇಟ್ಟಳು. ಕಾವ್ಯ ಅಗಿಯುತ್ತಾ, "ಉಪ್ಪು ಸಾಲದು ಅವ್ವಾ," ಎಂದು ಪಿಸುಗುಟ್ಟಿದಳು.

"ಗಟ್ಟಿಯಾಗಿ ಅನ್ನಬ್ಯಾಡ್ವೇ," ಎಂದಳು ಸೂರಮ್ಮ. "ನಾಳೆಗೂ ಅವಳೇ ಮಾಡೋಳು."